ಆಟದ ಪೀರಿಯಡ್: ಕಲಬುರಗಿ ಕಡೆಯ ಶಾಲೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಮಕ್ಕಳಿಗೆ ಪಿ.ಟಿ. ಸರ್. ಊರಿನ ಹಿರಿಯರಿಗೆ ಇನ್ನೂ ಡ್ರಿಲ್ ಮಾಸ್ತರ. ಪಾಲಕರು, ಹೊಸದಾಗಿ ಕೆಲಸಕ್ಕೆ ಸೇರಿದ ಗೆಳೆಯರು, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಪ್ರತಿ ಸಲ ಫೋನಿನಲ್ಲಿ ಅರ್ಧ ಹೇಳಿ ಅರ್ಧ ಬಿಡುವ ಬದಲು ಒಂದು ಕಡೆ ಬರೆದಿಟ್ಟಿದ್ದೇನೆ. ಯಾದಗಿರಿ, ಬೀದರ್ ಕಡೆ ಕೆಲಸ ಮಾಡುವ ಗೆಳೆಯರ ಅನುಭವವೂ ಇದರಲ್ಲಿ ಸೇರಿದೆ.

ಮಕ್ಕಳು ಆಟ ತಾವೇ ಆಡ್ತಾರೆ. ಅದಕ್ಕೊಬ್ಬ ಶಿಕ್ಷಕ ಯಾಕೆ ಬೇಕು?

ಆಡುವ ಮಕ್ಕಳು ಆಡ್ತಾರೆ, ನಿಜ. ಚೆಂಡು ಕೊಟ್ಟು ಬಿಟ್ಟರೆ ಹತ್ತು ಹನ್ನೆರಡು ಹುಡುಗರು ತಂಡ ಕಟ್ಟಿಕೊಳ್ಳುತ್ತಾರೆ. ಉಳಿದ ಮೂವತ್ತು ಮಕ್ಕಳು ಎಲ್ಲಿರುತ್ತಾರೆ, ನೋಡಿದ್ದೀರಾ? ನಮ್ಮ ಶಾಲೆಯಲ್ಲಿ ಅವರು ಬೇವಿನ ಮರದ ಕೆಳಗೆ ಕೂತಿರುತ್ತಿದ್ದರು. ಮೊದಲ ಎರಡು ವರ್ಷ ನಾನೂ ಅವರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ತಾಲೂಕು ಮಟ್ಟದಲ್ಲಿ ಗೆದ್ದು ಬರುವ ಹುಡುಗರ ಮೇಲೇ ನನ್ನ ಕಣ್ಣು. ಒಂದು ದಿನ ಎಂಟನೇ ತರಗತಿಯ ಹುಡುಗನೊಬ್ಬನನ್ನು "ಯಾಕೋ ಆಡಲ್ಲ?" ಅಂತ ಕೇಳಿದೆ. "ನನಗ ಆಡ್ಲಾಕ ಬರಲ್ರಿ ಸರ್. ಯಾರೂ ಕಲಿಸಿಲ್ರಿ" ಅಂದ.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಗಣಿತ ಬರದ ಮಗುವನ್ನು ನಾವು ಮರದ ಕೆಳಗೆ ಕೂರಿಸುವುದಿಲ್ಲ ಅಲ್ವಾ? ಎಸೆಯುವುದು, ಹಿಡಿಯುವುದು, ಜಿಗಿದು ಸರಿಯಾಗಿ ಕಾಲೂರುವುದು, ಓಡುತ್ತಾ ದಿಕ್ಕು ಬದಲಿಸುವುದು, ಇವೆಲ್ಲ ಅಕ್ಷರದ ಹಾಗೆ ಒಂದೊಂದಾಗಿ ಕಲಿಯಬೇಕಾದವು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲಿ ಎಲ್ಲ ಮಕ್ಕಳೂ ಸೇರಿದ್ದಾರೆ. ತಂಡದಲ್ಲಿರುವ ಹುಡುಗ ನಾನಿಲ್ಲದಿದ್ದರೂ ಆಡುತ್ತಾನೆ. ಮರದ ಕೆಳಗಿನ ಮಗುವಿಗೆ ನಾನು ಬೇಕು. ಈ ಪುಟದ ಉಳಿದ ಎಲ್ಲ ಉತ್ತರಗಳನ್ನೂ ಆ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ನಮ್ಮ ಜಿಲ್ಲೆಗಳು ಎಸ್ಸೆಸ್ಸೆಲ್ಸಿಯಲ್ಲಿ ಹಿಂದೆ ಬಿದ್ದಿವೆ. ಆಟಕ್ಕೆ ಸಮಯ ಎಲ್ಲಿಂದ ತರುವುದು?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ಕೇಳುವವರ ಸಂಕಟ ನನಗೆ ಅರ್ಥವಾಗುತ್ತದೆ. 2024ರಲ್ಲಿ ಯಾದಗಿರಿ ಜಿಲ್ಲೆ ಶೇ 50.59 ಫಲಿತಾಂಶದೊಂದಿಗೆ ರಾಜ್ಯದಲ್ಲಿ ಕೊನೆಗಿತ್ತು. 2025ರ ಪರೀಕ್ಷೆ-1ರಲ್ಲಿ ಕಲಬುರಗಿ ಶೇ 42.43ರೊಂದಿಗೆ ಕೊನೆಗೆ ಬಂತು. ಫಲಿತಾಂಶ ಬಂದ ದಿನದಿಂದಲೇ ಮುಖ್ಯ ಶಿಕ್ಷಕರ ಮೇಲೆ ಒತ್ತಡ ಶುರುವಾಗುತ್ತದೆ. ವಿಶೇಷ ತರಗತಿ, ಬೆಳಿಗ್ಗೆ ತರಗತಿ, ಸಂಜೆ ತರಗತಿ. ಡಿಸೆಂಬರ್ ಹೊತ್ತಿಗೆ ಹತ್ತನೇ ತರಗತಿಯ ಆಟದ ಪೀರಿಯಡ್ ವೇಳಾಪಟ್ಟಿಯಲ್ಲಿ ಮಾತ್ರ ಇರುತ್ತದೆ. "ಸರ್, ಇವತ್ತೊಂದಿನ ಕೊಡ್ರಿ, ಪಾಠ ಉಳಿದದ" ಅಂತ ವಿಜ್ಞಾನದವರು ಕೇಳಿದರೆ ಇಲ್ಲ ಅನ್ನುವುದು ಹೇಗೆ? ನಾನೂ ಎಷ್ಟೋ ಸಲ ಕೊಟ್ಟಿದ್ದೇನೆ.

ಆದರೆ ಲೆಕ್ಕ ಹಾಕಿ ನೋಡಿ. ವಾರಕ್ಕೆ ಎರಡೋ ಮೂರೋ ಪೀರಿಯಡ್, ಒಂದೊಂದು 40 ನಿಮಿಷ. ಇಷ್ಟನ್ನು ಕಿತ್ತುಕೊಂಡರೆ ಜಿಲ್ಲೆಯ ಫಲಿತಾಂಶ ಮೇಲೆ ಬರುತ್ತದಾ? ನಮ್ಮಲ್ಲಿ ಮಕ್ಕಳು ಹಿಂದೆ ಬೀಳಲು ಕಾರಣಗಳು ಬೇರೆ ಇವೆ. ಕೆಳಗಿನ ತರಗತಿಗಳಲ್ಲೇ ಓದು ಬರಹ ಸರಿಯಾಗಿ ಕೂತಿರುವುದಿಲ್ಲ. ತೊಗರಿ ರಾಶಿ, ಹತ್ತಿ ಬಿಡಿಸುವ ಕಾಲದಲ್ಲಿ ಮಕ್ಕಳು ಹೊಲಕ್ಕೆ ಹೋಗುತ್ತಾರೆ. ಎಷ್ಟೋ ಮನೆಗಳು ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೊರಡುತ್ತವೆ. ಶಾಲೆಗೇ ಬಾರದ ಮಗುವಿಗೆ ವಿಶೇಷ ತರಗತಿ ಮಾಡಿ ಏನು ಪ್ರಯೋಜನ?

ನನ್ನ ಅನುಭವ ಹೇಳುತ್ತೇನೆ. ಆಟದ ಪೀರಿಯಡ್ ಗ್ಯಾರಂಟಿ ಇರುವ ದಿನ ನಮ್ಮ ಶಾಲೆಯಲ್ಲಿ ಹಾಜರಿ ಚೆನ್ನಾಗಿರುತ್ತದೆ. ಓದಿನಲ್ಲಿ ತೀರಾ ಹಿಂದಿರುವ ಹುಡುಗ ಬೆಳಿಗ್ಗೆ ಒಂಬತ್ತಕ್ಕೇ ಬಂದು ಗೆರೆ ಹಾಕಲು ಸುಣ್ಣದ ಪುಡಿ ಕೇಳುತ್ತಾನೆ. ಬಂದವನು ಗಣಿತದ ಪೀರಿಯಡ್‌ನಲ್ಲೂ ಕೂರುತ್ತಾನೆ. ಈಗ ನಮ್ಮ ಮುಖ್ಯ ಶಿಕ್ಷಕರೊಂದಿಗೆ ಒಂದು ಒಪ್ಪಂದ ಮಾಡಿಕೊಂಡಿದ್ದೇನೆ. ಜನವರಿ ನಂತರವೂ ಹತ್ತನೇ ತರಗತಿಗೆ ವಾರಕ್ಕೆ ಎರಡು ದಿನ, ದಿನಕ್ಕೆ 20 ನಿಮಿಷ ಆಟ ಇರಲೇಬೇಕು. ವಿಶೇಷ ತರಗತಿ ಅದರ ನಂತರ. ನೀವೂ ಕೇಳಿ ನೋಡಿ. ಪೂರ್ತಿ ಪೀರಿಯಡ್‌ಗೆ ಜಗಳ ಮಾಡುವುದಕ್ಕಿಂತ 20 ನಿಮಿಷ ಉಳಿಸಿಕೊಳ್ಳುವುದು ಸುಲಭ.

ನಮ್ಮೂರ ಶಾಲೆಯಲ್ಲಿ ಪಿ.ಟಿ. ಶಿಕ್ಷಕರೇ ಇಲ್ಲ. ಕಾನೂನಿನಲ್ಲಿ ಏನಿದೆ?

ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ ಅನುಸೂಚಿಯ ಪ್ರಕಾರ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು, ಆಟದ ಸಾಮಾನು ಇರಬೇಕು. 6ರಿಂದ 8ನೇ ತರಗತಿಯಲ್ಲಿ 100ಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಬೇಕು. ತೊಡಕು ಇಲ್ಲೇ ಇದೆ. ಹಳ್ಳಿಯ, ತಾಂಡಾದ ಎಷ್ಟೋ ಶಾಲೆಗಳಲ್ಲಿ ಆ ಮೂರು ತರಗತಿ ಸೇರಿಸಿದರೂ 100 ಮಕ್ಕಳಾಗುವುದಿಲ್ಲ. ಒಂದರಿಂದ ಐದನೇ ತರಗತಿಯ ಮಕ್ಕಳ ಬಗ್ಗೆಯಂತೂ ಈ ವಿಷಯದಲ್ಲಿ ಕಾಯ್ದೆ ಏನೂ ಹೇಳುವುದಿಲ್ಲ. ಓಡುವುದು ಎಸೆಯುವುದು ಕಲಿಯಲು ಅದೇ ಸರಿಯಾದ ವಯಸ್ಸು. ಎಂಟನೇ ತರಗತಿಗೆ ನನ್ನ ಹತ್ತಿರ ಬರುವ ಹೊತ್ತಿಗೆ ಮಗುವಿಗೆ ನಾಚಿಕೆ ಶುರುವಾಗಿರುತ್ತದೆ. ಎಲ್ಲರ ಮುಂದೆ ಚೆಂಡು ಬಿಟ್ಟರೆ ನಗ್ತಾರೆ ಅನ್ನುವ ಭಯ.

ಪಿ.ಟಿ. ಶಿಕ್ಷಕರಿಲ್ಲದ ಶಾಲೆಯ ಗೆಳೆಯರಿಗೆ ನನ್ನ ಸಲಹೆ ಇಷ್ಟು. ತರಗತಿ ಶಿಕ್ಷಕರೇ ದಿನಕ್ಕೆ 15 ನಿಮಿಷ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ. ಶಿಳ್ಳೆ ಬೇಡ, ಡ್ರಿಲ್ ಬೇಡ. ಲಗೋರಿ, ಚಿಣ್ಣಿದಾಂಡು, ಕುಂಟಾಬಿಲ್ಲೆ, ಹಗ್ಗ ಜಿಗಿತ ಸಾಕು. ಇವು ನಿಮಗೂ ಗೊತ್ತಿರುವ ಆಟಗಳೇ.

ಪಿ.ಟಿ. ಶಿಕ್ಷಕರಿಗೆ ದಿನವಿಡೀ ಏನು ಕೆಲಸ? ಆರಾಮ ಇರ್ತೀರಲ್ಲ?

ಬೆಳಗಿನ ಪ್ರಾರ್ಥನೆ, ಶಿಸ್ತು, ತಡವಾಗಿ ಬಂದವರ ಲೆಕ್ಕ ನಮ್ಮದು. ಬಿಸಿಯೂಟದ ಸಾಲು ನಮ್ಮದು. ಸೇವಾದಳ, ಸ್ಕೌಟ್ ಇದ್ದರೆ ಅದೂ. ಯಾರಾದರೂ ರಜೆ ಹಾಕಿದರೆ ಅವರ ತರಗತಿ ನಮಗೆ. ಚುನಾವಣೆ, ಗಣತಿ ಬಂದರೆ ಆ ಕೆಲಸ. ಬೇರೆ ಕಡೆಯವರಿಗೆ ಆಗಸ್ಟ್ 15, ನವೆಂಬರ್ 1, ಜನವರಿ 26 ಇದ್ದರೆ ನಮಗೆ ಸೆಪ್ಟೆಂಬರ್ 17 ಕೂಡ ಇದೆ. 1948ರಲ್ಲಿ ಈ ಭಾಗ ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾದ ದಿನ, ಈಗ ಕಲ್ಯಾಣ ಕರ್ನಾಟಕ ಉತ್ಸವ. ಅದನ್ನು ಆಚರಿಸಬೇಕು, ನನಗೂ ಹೆಮ್ಮೆ ಇದೆ. ಆದರೆ ಪ್ರತಿ ಪಥಸಂಚಲನಕ್ಕೂ ಎರಡು ವಾರದ ತಯಾರಿ. ಅದೇ ಜುಲೈನಿಂದ ಸೆಪ್ಟೆಂಬರ್‌ವರೆಗೆ ಕ್ರೀಡಾಕೂಟಗಳೂ ನಡೆಯುತ್ತವೆ. ಆ ಮೂರು ತಿಂಗಳು ಮರದ ಕೆಳಗಿನ ಮಗುವಿನ ಕಡೆ ನೋಡಲು ನನಗೆ ಪುರುಸೊತ್ತೇ ಇರುವುದಿಲ್ಲ. ಇದು ನನ್ನ ದೊಡ್ಡ ಕೊರಗು.

ವೈದ್ಯನಾಥನ್ ವರದಿ ಅಂತ ಪಿ.ಟಿ. ಶಿಕ್ಷಕರು ಮತ್ತೆ ಮತ್ತೆ ಹೇಳ್ತಾರಲ್ಲ, ಅದು ಏನು?

ದೈಹಿಕ ಶಿಕ್ಷಣ ಶಿಕ್ಷಕರನ್ನು ಉಳಿದ ಸಹ ಶಿಕ್ಷಕರಂತೆ ಕಾಣಬೇಕು, ಬಡ್ತಿಯ ದಾರಿ ತೆರೆಯಬೇಕು ಎಂಬ ಬೇಡಿಕೆ ಹಳೆಯದು. ಅದರೊಂದಿಗೆ ದೈಹಿಕ ಶಿಕ್ಷಣದ ಬಗ್ಗೆ ಪ್ರೊ. ವೈದ್ಯನಾಥನ್ ಕೊಟ್ಟ ವರದಿ ಜಾರಿಯಾಗಲಿ ಎಂಬ ಮಾತೂ ಸೇರಿಕೊಂಡಿದೆ. ನಾನು ಸಂಘದ ಪರವಾಗಿ ಇದನ್ನು ಬರೆಯುತ್ತಿಲ್ಲ. ಒಂದು ಮಾತು ಮಾತ್ರ ಹೇಳಬೇಕು. ಸಿಬ್ಬಂದಿ ಕೋಣೆಯಲ್ಲಿ ಶಿಕ್ಷಕನಿಗೆ ಬೆಲೆ ಇಲ್ಲದಿದ್ದರೆ ಅವನ ಪೀರಿಯಡ್‌ಗೂ ಬೆಲೆ ಇರುವುದಿಲ್ಲ. ಮಕ್ಕಳು ಇದನ್ನು ಬೇಗ ಗಮನಿಸುತ್ತಾರೆ.

ನಮ್ಮದು ಎರೆಭೂಮಿ. ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಬಿರುಕು. ಎಲ್ಲಿ ಆಡಿಸಲಿ?

ಕಪ್ಪು ಮಣ್ಣಿನ ಮೈದಾನದ ಕಷ್ಟ ಅದರಲ್ಲಿ ನಿಂತವರಿಗೇ ಗೊತ್ತು. ಜುಲೈನಲ್ಲಿ ಚಪ್ಪಲಿ ಎತ್ತಿದರೆ ಒಂದು ಕಿಲೋ ಮಣ್ಣು ಜೊತೆಗೆ ಬರುತ್ತದೆ. ಮಾರ್ಚ್‌ನಲ್ಲಿ ಬಿರುಕಿನೊಳಗೆ ಮಗುವಿನ ಪಾದ ಸಿಕ್ಕಿಕೊಳ್ಳುತ್ತದೆ. ಪಾದ ಉಳುಕಿದ ಮಕ್ಕಳನ್ನು ಎಷ್ಟು ಸಲ ಎತ್ತಿಕೊಂಡು ಬಂದಿದ್ದೇನೋ. ಬೀದರ್ ಗೆಳೆಯರ ಕೆಂಪು ಮಣ್ಣು ನೋಡಿದರೆ ನನಗೆ ಆಸೆಯಾಗುತ್ತದೆ. ಮಳೆ ನಿಂತು ಸ್ವಲ್ಪ ಹೊತ್ತಿಗೇ ಅಲ್ಲಿ ಆಡಬಹುದು.

ಪೂರ್ತಿ ಮೈದಾನ ಸರಿಮಾಡಲು ಹೋಗಬೇಡಿ, ದುಡ್ಡು ಸಾಲುವುದಿಲ್ಲ. ಕಬಡ್ಡಿ ಅಂಕಣ ದೊಡ್ಡವರಿಗೇ 13 ಮೀಟರ್ ಉದ್ದ, 10 ಮೀಟರ್ ಅಗಲ. ವಾಲಿಬಾಲ್‌ಗೆ 18 ಮೀಟರ್ ಉದ್ದ, 9 ಮೀಟರ್ ಅಗಲ. ಖೋ ಖೋಗೆ 27 ಮೀಟರ್ ಉದ್ದ, 16 ಮೀಟರ್ ಅಗಲ ಇದ್ದರೆ ಆಯಿತು. ಮೊದಲು ಒಂದು ಖೋ ಖೋ ಅಂಕಣದಷ್ಟು ಜಾಗ ಹಿಡಿಯಿರಿ. ಮೇಲಿನ ಮಣ್ಣು ಸ್ವಲ್ಪ ತೆಗೆಸಿ, ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ಹಾಕಿಸಿ, ನೀರು ಹೊಡೆದು ರೋಲರ್ ಓಡಿಸಿ. ನಡು ಎತ್ತರ, ಅಂಚು ಇಳಿಜಾರು ಇರಲಿ, ನೀರು ನಿಲ್ಲಬಾರದು. ನಮ್ಮೂರಲ್ಲಿ ಗರಸು ಒಬ್ಬ ರೈತರು ಕೊಟ್ಟರು, ಟ್ರ್ಯಾಕ್ಟರ್ ಇನ್ನೊಬ್ಬರದು. ನರೇಗಾದಲ್ಲಿ ರಾಜ್ಯದ ಎಷ್ಟೋ ಶಾಲೆಗಳಿಗೆ ಮೈದಾನ, ಕಾಂಪೌಂಡ್ ಆಗಿವೆ. ಅಂಥ ಕೆಲಸಕ್ಕೆ ಎಸ್‌ಡಿಎಂಸಿ ಅರ್ಜಿ ಪಂಚಾಯಿತಿಗೆ ಮೊದಲೇ ಹೋಗಿರಬೇಕು. ಕ್ರಿಯಾ ಯೋಜನೆ ಮುಗಿದ ಮೇಲೆ ಕೇಳಿದರೆ ಮುಂದಿನ ವರ್ಷ ನೋಡೋಣ ಅನ್ನುತ್ತಾರೆ.

ಒಂದು ಎಚ್ಚರಿಕೆ. ಮಳೆ ಬಂತೆಂದು ವರಾಂಡದ ಫರಸಿ ಮೇಲೆ ಓಡಿಸಬೇಡಿ. ಶಹಾಬಾದ್ ಕಲ್ಲು ಒದ್ದೆಯಾದರೆ ಜಾರುತ್ತದೆ, ಬಿದ್ದರೆ ಮೊಣಕಾಲು ಮೊಣಕೈ ಎರಡೂ ಹೋಗುತ್ತವೆ. ಅಂಥ ದಿನ ಯೋಗ, ಚೆಸ್, ಕೇರಂ, ಇಲ್ಲವೇ ಆಟದ ನಿಯಮಗಳ ಪಾಠ.

ಐವತ್ತು ಮಕ್ಕಳು, ಒಂದೇ ಚೆಂಡು. ಏನು ಮಾಡುವುದು?

ಸಮಗ್ರ ಶಿಕ್ಷಾ ಅಭಿಯಾನದಲ್ಲಿ ಕ್ರೀಡಾ ಸಾಮಗ್ರಿಗೆ ಅನುದಾನ ಇದೆ. ವರ್ಷಕ್ಕೆ ಕಿರಿಯ ಪ್ರಾಥಮಿಕಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000 ರೂಪಾಯಿವರೆಗೆ. ದುಡ್ಡು ಬಂದಾಗ ಒಂದು ತಪ್ಪು ಮಾಡಬೇಡಿ. ದುಬಾರಿ ಕ್ರಿಕೆಟ್ ಕಿಟ್ ತಂದರೆ ಒಬ್ಬ ಬ್ಯಾಟ್ ಮಾಡ್ತಾನೆ, ಒಬ್ಬ ಚೆಂಡು ಎಸೀತಾನೆ, ಉಳಿದವರು ಬಿಸಿಲಲ್ಲಿ ನಿಂತಿರ್ತಾರೆ. ಅದೇ ದುಡ್ಡಿಗೆ ಸಣ್ಣ ರಬ್ಬರ್ ಚೆಂಡು, ಜಿಗಿಯುವ ಹಗ್ಗ, ರಿಂಗ್, ಎರಡು ಮೂರು ಥ್ರೋಬಾಲ್ ತನ್ನಿ.

ಮಕ್ಕಳನ್ನು ನಾಲ್ಕು ಗುಂಪು ಮಾಡಿ, ಮೈದಾನದ ನಾಲ್ಕು ಮೂಲೆಗೆ ಕಳಿಸಿ. ಒಂದು ಕಡೆ ಲಗೋರಿ. ಅದಕ್ಕೆ ಫರಸಿ ಚೂರು ನಮ್ಮಲ್ಲಿ ಬೇಕಾದಷ್ಟು ಸಿಗುತ್ತದೆ, ಚೂಪು ಅಂಚು ಉಜ್ಜಿ ಕೊಡಿ. ಇನ್ನೊಂದು ಕಡೆ ಹಗ್ಗ. ಮೂರನೇ ಕಡೆ ಇಬ್ಬಿಬ್ಬರು ಎಸೆದು ಹಿಡಿಯುವ ಅಭ್ಯಾಸ. ನಾಲ್ಕನೇ ಕಡೆ ಕಬಡ್ಡಿಯ ದಮ್ಮು, ಕಾಲು ಹಿಡಿಯುವ ಪಟ್ಟು. ಎಂಟು ನಿಮಿಷಕ್ಕೊಮ್ಮೆ ಶಿಳ್ಳೆ, ಗುಂಪು ಜಾಗ ಬದಲಿಸಬೇಕು. ಎಲ್ಲಕ್ಕಿಂತ ಮುಖ್ಯ, ಔಟ್ ಆದವರನ್ನು ಹೊರಗೆ ಕೂರಿಸುವ ಆಟ ಕಡಿಮೆ ಮಾಡಿ. ಔಟ್ ಆದವರು ಹತ್ತು ಸಲ ಹಗ್ಗ ಜಿಗಿದು ಮತ್ತೆ ಒಳಗೆ ಬರಲಿ. ಮೊದಲು ಔಟ್ ಆಗುವವರು ಆಡಲು ಬಾರದ ಮಕ್ಕಳೇ. ಅವರಿಗೇ ಅಭ್ಯಾಸ ಜಾಸ್ತಿ ಬೇಕು.

ನಮ್ಮ ಬಿಸಿಲಿನಲ್ಲಿ ಮಕ್ಕಳನ್ನು ಆಡಿಸುವುದು ಸರಿಯೇ?

ಬೇಸಿಗೆಯಲ್ಲಿ ಕಲಬುರಗಿ 42 ಡಿಗ್ರಿ ದಾಟುತ್ತದೆ. ಏಪ್ರಿಲ್, ಮೇನಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ ಮಾಡುತ್ತವೆ. ಮಕ್ಕಳಿಗೆ ಆಗ ರಜೆ. ಆದರೆ ಫೆಬ್ರವರಿ ಕೊನೆಯಿಂದಲೇ ಮಧ್ಯಾಹ್ನ ಹೊರಗೆ ನಿಲ್ಲಲು ಆಗುವುದಿಲ್ಲ. ಜೂನ್‌ನಲ್ಲಿ ಮಳೆ ತಡವಾದರೂ ಅದೇ ಕಥೆ. ಇಷ್ಟಿದ್ದೂ ಆಟದ ಪೀರಿಯಡ್ ಊಟದ ನಂತರವೇ ಇರುತ್ತದೆ. ಬೆಳಗಿನ ಹೊತ್ತು ಓದಿಗೆ ಅಂತ.

ವೇಳಾಪಟ್ಟಿ ಮಾಡುವಾಗಲೇ ಕೂತು ಮಾತಾಡಿ. ಬೇಸಿಗೆಯ ತಿಂಗಳುಗಳಲ್ಲಿ ಆಟ ಮೊದಲ ಎರಡು ಪೀರಿಯಡ್‌ಗೆ ಬರಲಿ. ಆಗದಿದ್ದರೆ ದಿನದ ಕೊನೆಗೆ, ಮರದ ನೆರಳಿನಲ್ಲಿ. ಆಟಕ್ಕೆ ಮೊದಲು ನೀರು, ನಡುವೆ ನೀರು, ಮುಗಿದ ಮೇಲೆ ನೀರು. ಮಗು ತಲೆ ಸುತ್ತು ಅಂದರೆ ನಾಟಕ ಅನ್ನಬೇಡಿ. ನೆರಳಿಗೆ ತನ್ನಿ, ಒದ್ದೆ ಬಟ್ಟೆಯಿಂದ ಕುತ್ತಿಗೆ, ಕಂಕುಳು ಒರೆಸಿ. ಎಚ್ಚರ ಇದ್ದರೆ ಓಆರ್‌ಎಸ್ ಕುಡಿಸಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಮೈ ಸುಡುತ್ತಿದೆ, ಮಾತು ತೊದಲುತ್ತಿದೆ, ಏನೇನೋ ಹೇಳುತ್ತಿದೆ ಅಂದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಬರುವವರೆಗೆ ಮೈಗೆ ನೀರು ಹಾಕಿ ಗಾಳಿ ಬೀಸುತ್ತಿರಿ.

ಹೆಣ್ಣುಮಕ್ಕಳು ಎಂಟನೇ ತರಗತಿಯ ನಂತರ ಆಟ ಬಿಡುತ್ತಾರೆ. ಯಾಕೆ?

"ಸರ್, ನಾನಿವತ್ತು ಸ್ಕೋರ್ ಬರೀತೀನ್ರಿ." ಹುಡುಗಿ ಹೀಗೆ ಅಂದರೆ ನಾನು ಯಾಕೆ ಅಂತ ಕೇಳುವುದಿಲ್ಲ, ಪೆನ್ನು ಕೊಡುತ್ತೇನೆ. ಆದರೆ ಅದೇ ಹುಡುಗಿ ತಿಂಗಳಿಡೀ ಸ್ಕೋರ್ ಬರೆಯುತ್ತಿದ್ದರೆ ಬೇರೆ ಏನೋ ಇದೆ ಎಂದರ್ಥ. ವೇಲ್ ಸಿಕ್ಕಿಸಿಕೊಂಡು ಓಡುವುದು ಕಷ್ಟ. ರಸ್ತೆ ಕಡೆ ಕಾಂಪೌಂಡ್ ಇಲ್ಲ, ಹೋಗುವ ಬರುವವರೆಲ್ಲ ನಿಂತು ನೋಡ್ತಾರೆ. ಶೌಚಾಲಯದಲ್ಲಿ ನೀರಿಲ್ಲ. ಮನೆಯಲ್ಲಿ "ದೊಡ್ಡಾಕಿ ಆಗ್ಯಾಳ, ಇನ್ನ ಜಿಗಿದಾಟ ಸಾಕು" ಅಂದಿರ್ತಾರೆ.

ನನಗೆ ಫಲ ಕೊಟ್ಟ ಕೆಲಸಗಳನ್ನು ಹೇಳುತ್ತೇನೆ. ಆಟದ ದಿನ ಟ್ರ್ಯಾಕ್ ಪ್ಯಾಂಟ್, ಟಿ-ಶರ್ಟ್‌ಗೆ ಪಾಲಕರ ಸಭೆಯಲ್ಲೇ ಒಪ್ಪಿಗೆ ತೆಗೆದುಕೊಂಡೆ. ಆ ಮಾತು ನಾನು ಆಡಲಿಲ್ಲ, ನಮ್ಮ ಹಿಂದಿ ಮೇಡಂ ತಾಯಂದಿರ ಜೊತೆ ಕೂತು ಮಾತಾಡಿದರು. ಹುಡುಗಿಯರ ಅಂಕಣವನ್ನು ರಸ್ತೆಯಿಂದ ದೂರ, ಶಾಲೆಯ ಹಿಂದೆ ಹಾಕಿದೆವು. ಊರ ಹೊರಗೆ ಪಂದ್ಯ ಇದ್ದರೆ ಒಬ್ಬ ಮೇಡಂ ಜೊತೆಗೆ ಬರಲೇಬೇಕು. ಬರುವ ಹೊತ್ತು ಎಷ್ಟು ಎಂದು ಮನೆಗೆ ಮೊದಲೇ ಫೋನ್. ಮಗಳು ಖೋ ಖೋ ಆಡುವುದನ್ನು ಒಮ್ಮೆ ತಾಯಿ ಬಂದು ನೋಡಿದರೆ ಅರ್ಧ ಕೆಲಸ ಆದಂತೆ.

ಒಂದು ನೋವು ಇದೆ. ನಮ್ಮ ತಂಡದಲ್ಲಿ ಬಹಳ ಚುರುಕಾಗಿ ಓಡುತ್ತಿದ್ದ ಒಂಬತ್ತನೇ ತರಗತಿಯ ಹುಡುಗಿ ದೀಪಾವಳಿ ರಜೆ ಮುಗಿದ ಮೇಲೆ ಬರಲಿಲ್ಲ. ಮದುವೆ ಆಗಿಹೋಗಿತ್ತು. ನಮಗೆ ತಿಳಿಯುವಷ್ಟರಲ್ಲಿ ತಡವಾಗಿತ್ತು. ಆಮೇಲಿಂದ ಯಾವ ಹುಡುಗಿ ಎರಡು ದಿನ ಅಭ್ಯಾಸಕ್ಕೆ ಬಾರದಿದ್ದರೂ ನಾವು ಮನೆಗೆ ಹೋಗಿ ಬರುತ್ತೇವೆ. ಮಕ್ಕಳ ಸಹಾಯವಾಣಿ 1098 ನಂಬರನ್ನು ಆಟದ ಸಾಮಾನಿನ ಕೋಣೆಯ ಬಾಗಿಲಿಗೆ ದೊಡ್ಡದಾಗಿ ಬರೆಸಿದ್ದೇವೆ.

ಮಕ್ಕಳು ಎರಡು ಸುತ್ತು ಓಡಿದರೆ ಸುಸ್ತಾಗ್ತಾರೆ. ಸೋಮಾರಿತನವೇ?

ಬಹಳ ಸಲ ಸೋಮಾರಿತನ ಅಲ್ಲ, ಹಸಿವು, ಇಲ್ಲವೇ ರಕ್ತ ಕಡಿಮೆ. ಬೆಳಿಗ್ಗೆ ಬರೀ ಚಹಾ ಕುಡಿದು ಬರುವ ಮಕ್ಕಳು ನಮ್ಮಲ್ಲಿ ಜಾಸ್ತಿ. 2021ರ ಡಿಸೆಂಬರ್‌ನಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾದಾಗ ಮೊದಲು ಆರಿಸಿದ ಜಿಲ್ಲೆಗಳಲ್ಲಿ ಬೀದರ್, ಕಲಬುರಗಿ, ಯಾದಗಿರಿ ಇದ್ದವು. ಅಪೌಷ್ಟಿಕತೆಯೇ ಅದಕ್ಕೆ ಕಾರಣ. ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಯನ್ನು ಮಕ್ಕಳು ಕಿಟಕಿಯಿಂದ ಎಸೆಯದಂತೆ ನೋಡಿಕೊಳ್ಳುವುದು ಕೂಡ ನನ್ನ ಪ್ರಕಾರ ಪಿ.ಟಿ. ಶಿಕ್ಷಕನ ಕೆಲಸ. ಊಟದ ನಂತರವೇ ಕೊಡಿ, ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಬರುತ್ತದೆ. ಮುಖ ಬಿಳಿಚಿಕೊಂಡ, ಬೇಗ ಏದುಸಿರು ಬಿಡುವ ಮಗುವನ್ನು ಓಡಿಸುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ತಪ್ಪು ಮಾಡಿದವರಿಗೆ ಮೈದಾನ ಸುತ್ತು ಹಾಕಿಸಬಹುದೇ?

ಬೇಡ. ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 17 ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾನೂನು ಇಲ್ಲದಿದ್ದರೂ ನಾನು ಬೇಡ ಅಂತಲೇ ಹೇಳುತ್ತೇನೆ. ಇವತ್ತು ಶಿಕ್ಷೆಗಾಗಿ ಓಡಿಸಿದ ಮಗುವಿಗೆ ನಾಳೆ ಖುಷಿಗೆ ಓಡು ಅಂದರೆ ಹೇಗೆ ಓಡುತ್ತದೆ? ನಾನು ಹುಡುಗನಿದ್ದಾಗ ಬಸ್ಕಿ ಹೊಡೆಸಿ ಹೊಡೆಸಿ ಬಸ್ಕಿ ಅಂದರೆ ಅವಮಾನ ಅನ್ನುವಂತಾಗಿತ್ತು. ಗರಡಿ ಮನೆಗೆ ಹೋದ ಮೇಲೆ ಅದು ಎಷ್ಟು ಒಳ್ಳೆಯ ವ್ಯಾಯಾಮ ಎಂದು ತಿಳಿಯಿತು. ಬೇರೆ ಶಿಕ್ಷಕರು "ಇವನಿಗೆ ಸ್ವಲ್ಪ ಬುದ್ಧಿ ಕಲಿಸ್ರಿ" ಅಂತ ಮಕ್ಕಳನ್ನು ನಮ್ಮ ಹತ್ತಿರ ಕಳಿಸುತ್ತಾರೆ. ಆ ಕೆಲಸ ನಮ್ಮದಲ್ಲ ಎಂದು ನಯವಾಗಿ ಹೇಳಿ ಕಳಿಸಿ.

ವಿಶೇಷ ಚೇತನ ಮಕ್ಕಳನ್ನು ಏನು ಮಾಡಲಿ? ಪೆಟ್ಟಾದರೆ ಭಯ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಆಟದಲ್ಲೂ ಅವರಿಗೆ ಸಮಾನ ಅವಕಾಶ ಸಿಗಬೇಕು. ನಿಯಮ ಬದಲಿಸಿ. ಕಾಲು ಬಲ ಇಲ್ಲದ ಹುಡುಗನಿಗೆ ಲಗೋರಿಯಲ್ಲಿ ಎಸೆಯುವ ಕೆಲಸ ಕೊಟ್ಟೆ. ಈಗ ಅವನಷ್ಟು ಗುರಿ ನಮ್ಮಲ್ಲಿ ಯಾರಿಗೂ ಇಲ್ಲ.

ಅಂಕ, ಫಿಟ್‌ನೆಸ್ ಪರೀಕ್ಷೆ ಇವೆಲ್ಲ ಉಪಯೋಗಕ್ಕೆ ಬರ್ತಾವಾ?

ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ನಮ್ಮ ವಿಷಯ ಇಲ್ಲ, ಬರೀ ಗ್ರೇಡ್. ಹಾಗಾಗಿ ಎಲ್ಲರಿಗೂ ಒಳ್ಳೆಯ ಗ್ರೇಡ್ ಬರೆದು ಮುಗಿಸುವ ರೂಢಿ ಬೆಳೆದಿದೆ. ಕೇಂದ್ರ ಸರ್ಕಾರದ ಕ್ರೀಡಾ ಯೋಜನೆ ಖೇಲೋ ಇಂಡಿಯಾದ ಫಿಟ್‌ನೆಸ್ ಪರೀಕ್ಷೆ ಚೆನ್ನಾಗಿದೆ. 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕೂತು ಮುಂದಕ್ಕೆ ಬಾಗುವುದು, ಪುಷ್ ಅಪ್ ಇತ್ಯಾದಿ. ಕಷ್ಟ ಏನೆಂದರೆ ನೆಟ್‌ವರ್ಕ್ ಸಿಗದ ಊರಿನಲ್ಲಿ ಮೊಬೈಲ್ ಹಿಡಿದು ಪ್ರತಿ ಮಗುವಿನ ಅಂಕಿ ತುಂಬಬೇಕು. ನಾನು ಮೊದಲು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಜೂನ್‌ನಲ್ಲಿ ಒಂದು ಸಲ, ಜನವರಿಯಲ್ಲಿ ಒಂದು ಸಲ. ಮಗುವಿಗೆ ಅದರದೇ ಹಳೆಯ ಅಂಕಿ ತೋರಿಸುತ್ತೇನೆ, ಪಕ್ಕದವರದ್ದು ತೋರಿಸುವುದಿಲ್ಲ.

ನಮ್ಮ ಹುಡುಗ ಚೆನ್ನಾಗಿ ಓಡುತ್ತಾನೆ. ಮುಂದೆ ದಾರಿ ಏನು?

ಶಾಲಾ ಕ್ರೀಡಾಕೂಟ ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಹೀಗೆ ಮೇಲೆ ಹೋಗುತ್ತದೆ. ಹುಟ್ಟಿದ ದಿನಾಂಕದ ದಾಖಲೆ ಸರಿ ಇರಲಿ. ಆಧಾರ್‌ನಲ್ಲಿ ಒಂದು, ಶಾಲೆಯಲ್ಲಿ ಒಂದು ಇದ್ದು ವಾಪಸ್ ಬಂದ ಮಕ್ಕಳ ಕಣ್ಣೀರು ನೋಡಿದ್ದೇನೆ. ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಿಗೆ ಆಯ್ಕೆ ನಡೆಯುತ್ತದೆ. ಯಾವಾಗ ಎಂದು ಕಲಬುರಗಿಯವರು ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ, ಬೀದರಿನವರು ನೆಹರೂ ಕ್ರೀಡಾಂಗಣದಲ್ಲಿ ವಿಚಾರಿಸಿ.

ಸಂಜೆ ಊರಿನವರು ಶಾಲೆ ಮೈದಾನಕ್ಕೆ ಬರುತ್ತಾರೆ. ಗೇಟಿಗೆ ಬೀಗ ಹಾಕಬೇಕಾ?

ನಾವು ಹಾಕಿ ನೋಡಿದೆವು. ಗೋಡೆ ಹಾರಿ ಬಂದರು, ಬೆಳಿಗ್ಗೆ ಬಾಟಲಿ ಚೂರು ಇನ್ನೂ ಜಾಸ್ತಿ ಸಿಕ್ಕಿತು. ಆಮೇಲೆ ಬೇರೆ ದಾರಿ ಹಿಡಿದೆವು. ಊರಿನಲ್ಲಿ ವಾಲಿಬಾಲ್ ಆಡುವ ಯುವಕರನ್ನು ಕರೆದು ಸಂಜೆಯ ಕೀಲಿ ಅವರ ಕೈಗೇ ಕೊಟ್ಟೆವು. ಷರತ್ತು ಎರಡೇ. ಏಳೂವರೆಗೆ ಬೀಗ ಹಾಕಬೇಕು. ಸಣ್ಣ ಮಕ್ಕಳು ಬಂದರೆ ಓಡಿಸಬಾರದು, ಒಂದು ಮೂಲೆ ಬಿಟ್ಟುಕೊಡಬೇಕು. ಜನವರಿಯಲ್ಲಿ ತೊಗರಿ ಒಣಗಿಸಲು ಮೈದಾನ ಕೇಳುವವರ ಜೊತೆ ಈಗ ಅವರೇ ಮಾತಾಡುತ್ತಾರೆ. ಅರ್ಧ ಮೈದಾನ ರಾಶಿಗೆ, ಅರ್ಧ ಆಟಕ್ಕೆ. ಕಳೆದ ವಾರ ಸಂಜೆ ಆ ಕಡೆ ಹೋಗಿದ್ದೆ. ಆಡ್ಲಾಕ ಬರಲ್ರಿ ಅಂದಿದ್ದನಲ್ಲ, ಆ ಹುಡುಗ ಈಗ ಹತ್ತನೇ ತರಗತಿ. ನೆಟ್ಟಿನ ಹತ್ತಿರ ನಿಂತು ಇಬ್ಬರು ಸಣ್ಣವರಿಗೆ ಸರ್ವಿಸ್ ಹೊಡೆಯುವುದನ್ನು ತೋರಿಸುತ್ತಿದ್ದ.